ರುಮಾಲಿನ ‘ಟೂ’, ಕಚ್ಚೆಯ ‘ಇಂಗ್’

ಮಾಳಮಡ್ಡಿಯ ವಾಮನ ಕಾಕಾ ಅವರ ಪಡಸಾಲೆಯಲ್ಲಿ ಬೆಳಗಿನ ಹೊತ್ತು ಇರುತ್ತಿದ್ದವರು ಇಷ್ಟು: ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ ಕಾಕಾ, ಎರಡು ಗೋಡೆಗುಂಟ ಎದುರುಬದುರಾಗಿ ಜಮಖಾನೆಯ ಮೇಲೆ ಕೂತ, ಮೀಸೆ ಬಂದು ಬಹಳ ದಿನಗಳಾಗಿದ್ದ ನಾವು ವಿದ್ಯಾರ್ಥಿಗಳು, ಅಡಿಗೆಮನೆಯ ಹೊಸ್ತಿಲಿನಾಚೆ ಮೊರದಲ್ಲಿ ಗೋದಿ ಹಸನು ಮಾಡುತ್ತಿದ್ದ ಇಂದಿರಾ ಕಾಕು, ಮತ್ತು ನಮ್ಮೆಲ್ಲರ ನಡುವೆ, ಯಾರ ಕಣ್ಣಿಗೂ ಬೀಳದೆ ಎಲ್ಲರ ನಾಲಿಗೆಯನ್ನೂ ಎಡವಿಸುತ್ತಿದ್ದ ‘ಟು’ ಎಂಬ ಇಂಗ್ಲಿಷಿನ ಒಂದು ಗಿಡ್ಡ ಶಬ್ದ.

ತೊಂಬತ್ತರ ದಶಕದ ನಡುಗಾಲ ಅದು. ಕನ್ನಡ ಎಂ.ಎ. ಮುಗಿಸಿ, ಹಳಗನ್ನಡದ ಕಂದಪದ್ಯಗಳನ್ನು ಉಸಿರು ತಡೆಯದೆ ಹೇಳುವ ಸಾಮರ್ಥ್ಯವೊಂದನ್ನು ಬಿಟ್ಟರೆ ಲೋಕೋಪಯೋಗಿಯಾದ ಇನ್ನಾವ ವಿದ್ಯೆಯೂ ಇಲ್ಲದೆ ಮನೆಯಲ್ಲಿ ಕೂತಿದ್ದ ನನ್ನನ್ನು, ಸಂದರ್ಶನಕ್ಕೆ ಹೋದಲ್ಲಿ ಇಂಗ್ಲಿಷಿನಲ್ಲಿ ಕೇಳುತ್ತಾರೆಂಬ ದೂರದೃಷ್ಟಿಯಿಂದ ನಮ್ಮಪ್ಪ ಈ ಪಡಸಾಲೆಗೆ ದಬ್ಬಿದ್ದರು. ವಾಮನ ಕಾಕಾ ಅಪ್ಪನ ಚಿಕ್ಕಪ್ಪನ ಮಗ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಮೇಲೂ ಕಲಿಸುವ ಚಟದಿಂದ ನಿವೃತ್ತರಾಗದವರು.

ನೀವು ಇಂಗ್ಲಿಷನ್ನು ಮನೆಯಂಗಳದಲ್ಲಿ ಕಲಿತ ಭಾಗ್ಯವಂತರಾದರೆ ನಮ್ಮ ಸಂಕಟ ನಿಮಗೆ ತಿಳಿಯಲಾರದು. ಒಂದು ಕ್ರಿಯಾಪದದ ಹಿಂದೆ ಇನ್ನೊಂದು ಕ್ರಿಯಾಪದ ಬಂದಾಗ ಆ ಎರಡನೆಯದು ಯಾವ ವೇಷದಲ್ಲಿ ಬರಬೇಕು? ‘ವಾಂಟ್’ ಅಂದರೆ ಮುಂದಿನದು ‘ಟು ಸಿಂಗ್’ ಆಗುತ್ತದೆ. ‘ಎಂಜಾಯ್’ ಅಂದರೆ ಅದೇ ಹಾಡು ‘ಸಿಂಗಿಂಗ್’ ಆಗುತ್ತದೆ. ಹಾಡುವವನು ಅವನೇ, ಹಾಡೂ ಅದೇ, ಗಂಟಲೂ ಅದೇ. ಯಾಕೆ ಹೀಗೆ ಎಂದು ನಾವು ಕೇಳಿದ್ದಕ್ಕೆ ಕಾಕಾ ಕೊಟ್ಟ ಉತ್ತರ ವ್ಯಾಕರಣದ ಯಾವ ಗ್ರಂಥದಲ್ಲೂ ಇರಲಿಕ್ಕಿಲ್ಲ.

“ನೋಡ್ರಪಾ, ‘ಟೂ’ ಅನ್ನೂದು ರುಮಾಲು, ಮುಂದ ತಲೀಮ್ಯಾಲೆ ಕೂಡ್ತದ. ‘ಇಂಗ್’ ಅನ್ನೂದು ಕಚ್ಚಿ, ಹಿಂದ ಸಿಗಿಸ್ಕೋಬೇಕು. ವಾಂಟ್, ಹೋಪ್, ಡಿಸೈಡ್, ಇವರ ಮನ್ಯಾಗ ರುಮಾಲಿಲ್ಲದವರಿಗೆ ಪ್ರವೇಶ ಇಲ್ಲ. ಎಂಜಾಯ್, ಅವಾಯ್ಡ್, ಫಿನಿಶ್, ಇವರು ಕಚ್ಚಿ ನೋಡೇ ಒಳಗ ಬಿಡ್ತಾರ. ಲೈಕ್, ಸ್ಟಾರ್ಟ್ ಉದಾರಿಗಳು, ಯಾವ ವೇಷದಾಗ ಬಂದ್ರೂ ಕೂಡ್ಲಿಕ್ಕೆ ಮಣಿ ಹಾಕ್ತಾರ.”

“ಎರಡೂ ಬೇಕನ್ನಾವ್ರು ಯಾರರೆ ಅದಾರೇನ್ರಿ ಕಾಕಾ?” ಎಂದು ನಾನು ತಲೆಹರಟೆಗೆ ಕೇಳಿದೆ.

“ಲುಕ್ ಫಾರ್ವರ್ಡ್ ಅಂತ ಒಬ್ಬಾಂವ ಅದಾನ. ಅವಂಗ ‘ಟು ಹಿಯರಿಂಗ್’ ಅಂತ ರುಮಾಲೂ ಬೇಕು, ಕಚ್ಚೀನೂ ಬೇಕು. ಭಾಳ ಖಾನದಾನಿ ಮನಿತನ.”

ಅಷ್ಟರಲ್ಲಾಗಲೇ ನಾನು ಹತ್ತಾರು ಅರ್ಜಿಗಳ ಕೊನೆಗೆ ಈ ಖಾನದಾನಿಯನ್ನು ಬರಿ ರುಮಾಲಿನಲ್ಲಿ ನಿಲ್ಲಿಸಿ ಕಳಿಸಿದ್ದೆ. ಅವುಗಳಲ್ಲಿ ಯಾವುದಕ್ಕೂ ಉತ್ತರ ಬಾರದಿದ್ದುದಕ್ಕೆ ಕಾರಣ ನನ್ನ ಅಯೋಗ್ಯತೆಯಲ್ಲ, ಕಚ್ಚೆಯ ಅಭಾವ ಎಂದು ಅಂದಿನಿಂದ ಸಮಾಧಾನ ತಂದುಕೊಂಡೆ. ‘ಸ್ಟಾಪ್’ ಎಂಬುದು ಇನ್ನೂ ವಿಚಿತ್ರ: ಕಚ್ಚೆ ಹಾಕಿದರೆ ಮನುಷ್ಯ ಮಾತು ನಿಲ್ಲಿಸಿದ ಎಂದರ್ಥ, ರುಮಾಲು ಸುತ್ತಿದರೆ ಮಾತಾಡಲಿಕ್ಕೆಂದೇ ನಿಂತ ಎಂದರ್ಥ. ಕಾಕಾ ಇದನ್ನು ವಿವರಿಸುತ್ತಿದ್ದಾಗ ಒಳಗಿನಿಂದ ಮೊರದ ಸಪ್ಪಳ ನಿಂತು ಕಾಕು ಅಂದರು, “ಇವರು ಕಾಯಿಪಲ್ಯಾ ತರಲಿಕ್ಕೆ ಹೋದಾಗ ಒಮ್ಮೆ ಹಿಂದ ಹೋಗಿ ನೋಡ್ರಿ. ಎರಡನೇದು ಛಲೋ ತಿಳೀತದ.”

ಕಾಕಾ ಸೂತ್ರ ಹೇಳುವವರಲ್ಲ. “ಹಿರೇರು ಹಂಗ ಮಾಡಿಟ್ಟಾರ. ಕಿವಿಗೆ ರೂಢಿ ಮಾಡ್ರಿ, ಬಾಯಿ ತಾನ ಬೆನ್ನ ಹತ್ತಿ ಬರ್ತದ” ಅನ್ನುತ್ತಿದ್ದರು. ನನಗೆ ಆ ಮಾತು ಕೂಡಲೇ ನಾಟಿತು, ಯಾಕೆಂದರೆ ನಾನು ಕನ್ನಡವನ್ನು ಕಲಿತದ್ದೂ ಹೀಗೆಯೇ, ನಮ್ಮಜ್ಜಿ ಆಯಿಯ ಮಗ್ಗುಲಲ್ಲಿ ಕೂತು. ನಮಗೆ ನೀರಡಿಕೆ ಆಗುತ್ತದೆ, ನಗು ಬರುತ್ತದೆ, ಬಿಕ್ಕು ಹತ್ತುತ್ತದೆ, ಹುಚ್ಚು ಹಿಡಿಯುತ್ತದೆ. ನಗು ಯಾಕೆ ಹತ್ತುವುದಿಲ್ಲ, ಬಿಕ್ಕು ಯಾಕೆ ಹಿಡಿಯುವುದಿಲ್ಲ ಎಂದು ಆಯಿಯನ್ನು ಕೇಳಿದ್ದರೆ ನನಗೇ ಹುಚ್ಚು ಹಿಡಿದಿದೆಯೆಂದು ದೃಷ್ಟಿ ತೆಗೆಯುತ್ತಿದ್ದಳು. ತಪ್ಪಿದಾಗ ಅವಳು ಬೈಯುತ್ತಿರಲಿಲ್ಲ. ಸರಿಯಾದದ್ದನ್ನು ಒಮ್ಮೆ ತಾನೇ ಅಂದು ಸುಮ್ಮನಾಗುತ್ತಿದ್ದಳು, ಅಷ್ಟೆ. ಹೀಗೆ ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ, ಎಷ್ಟು ಮಂದಿ ಆಯಿಯರು ದಾಟಿಸಿಕೊಟ್ಟು ಈ ಜೋಡಿಗಳು ನನ್ನವರೆಗೆ ಬಂದಿರಬಹುದು ಎಂದು ನೆನೆದಾಗ ಇಂದಿಗೂ ನನಗೆ ಮೈ ಜುಮ್ಮೆನ್ನುತ್ತದೆ. ಸಾವಿರ ವರ್ಷದ ಹಿಂದಿನವಳೊಬ್ಬಳು ಮಗುವಿಗೆ ತಿದ್ದಿದ ಮಾತು ಈಗ ನನ್ನ ನಾಲಿಗೆಯ ಮೇಲೆ ಕೂತಿದೆ, ನನ್ನ ಅಪ್ಪಣೆಯನ್ನೇನೂ ಕೇಳದೆ.

ಕಾಕಾ ಕಲಿಸುವ ರೀತಿ ಮಾತ್ರ ಶಾಲೆಯಿಂದ ಬಂದದ್ದಲ್ಲ, ಗುರುವಾರದ ಭಜನೆಯಿಂದ ಬಂದದ್ದು. ಭಜನೆಯಲ್ಲಿ ಒಂದು ಸಾಲಿನವರು ನುಡಿ ಎತ್ತಿದರೆ ಎದುರು ಸಾಲಿನವರು ಹಿಡಿದುಕೊಳ್ಳುತ್ತಾರಲ್ಲ, ಹಾಗೆ ನಮ್ಮಲ್ಲಿ ಒಂದು ಗೋಡೆಯವರು ರುಮಾಲಿನವರು, ಇನ್ನೊಂದು ಗೋಡೆಯವರು ಕಚ್ಚೆಯವರು. ಕಾಕಾ ಮಂಚದ ಪಟ್ಟಿಯ ಮೇಲೆ ಉಂಗುರದಿಂದ ತಾಳ ಕುಟ್ಟುತ್ತ ಕ್ರಿಯಾಪದವೊಂದನ್ನು ಎತ್ತುವರು. ಅದು ಯಾರ ಮನೆತನದ್ದೋ ಆ ಗೋಡೆಯವರು ಮುಂದಿನದನ್ನು ಹಿಡಿಯಬೇಕು. “ಹೋಪ್” ಅಂದರೆ ಈ ಕಡೆಯಿಂದ “ಟು ಸೀ”. “ಅವಾಯ್ಡ್” ಅಂದರೆ ಆ ಕಡೆಯಿಂದ “ಮೀಟಿಂಗ್”. ಓಣಿಯಲ್ಲಿ ಹೋಗುವವರು ಇದ್ಯಾವ ದೇವರ ಭಜನೆಯೆಂದು ಕಿಟಕಿಯಲ್ಲಿ ಇಣುಕಿ, ಯಾವ ಫೋಟೋನೂ ಕಾಣದೆ, ಆದರೂ ಇರಲಿ ಎಂದು ಕೈಮುಗಿದು ಹೋದದ್ದುಂಟು.

ಈ ಭಜನೆಯ ಅಪಸ್ವರವೆಂದರೆ ಮಲ್ಲಪ್ಪ. ಅಮ್ಮಿನಬಾವಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದ, ಗಟ್ಟಿಮುಟ್ಟಾದ, ಸದಾ ನಗುಮುಖದ ಆಳು. ಅವನನ್ನು ಕಚ್ಚೆಯವರ ನಡುವೆ ಕೂರಿಸಿದರೂ ಅವನ ಬಾಯಿಂದ ರುಮಾಲೇ ಹೊರಡುತ್ತಿತ್ತು. “ಎಂಜಾಯ್” ಅಂದರೆ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ, “ಟು ಸಿಂಗ್”. ನಾವು ನಗುತ್ತಿದ್ದೆವು. ಕಾಕಾ ನಗದೆ, ಬೈಯದೆ, ತಾಳವನ್ನೂ ತಪ್ಪಿಸದೆ, ಮಗುವಿನ ಟೊಪ್ಪಿಗೆಯನ್ನು ಸರಿಮಾಡುವಷ್ಟು ಮೆಲ್ಲಗೆ “ಸಿಂಗಿಂಗ್” ಎಂದು ಮುಂದೆ ಹೋಗುತ್ತಿದ್ದರು.

“ಅಂವಂದೇನು ತಪ್ಪಿಲ್ಲ. ನಮ್ಮ ಕಡೆ ‘ಹಾಡಾಕತ್ತೇನಿ’ ಅಂತಾರ. ಹಾಡಲಿಕ್ಕೆ ಹತ್ತೇನಿ ಅಂತ ಅದರ ಮೂಲ. ಹಾಡೂದು ನಡದಾಗನೂ ಅದರ ಹೊಟ್ಟ್ಯಾಗ ಒಂದು ‘ಟೂ’ ಕೂತಿರ್ತದ” ಎಂದು ಒಮ್ಮೆ ಅವನ ಪರವಾಗಿ ವಾದಿಸಿದರು. ಮಲ್ಲಪ್ಪ ತನ್ನ ಹೊಟ್ಟೆಯನ್ನು ಒಮ್ಮೆ ನೋಡಿಕೊಂಡು, “ಇದ್ರೂ ಇರಬೇಕ್ರಿ ಮಾಸ್ತರ್ರ” ಅಂದ.

ಮುಂದೆ ನಮ್ಮ ಸಾಲುಗಳು ಚದುರಿದವು. ನನಗೆ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ಕೆಲಸ ಸಿಕ್ಕಿತು; ಸಂದರ್ಶನದಲ್ಲಿ ಯಾರೂ ಇಂಗ್ಲಿಷಿನ ಒಂದಕ್ಷರವನ್ನೂ ಕೇಳಲಿಲ್ಲ, ನಾನು ಸಿದ್ಧಮಾಡಿಕೊಂಡು ಹೋಗಿದ್ದ ರುಮಾಲು ಕಚ್ಚೆಗಳೆಲ್ಲ ಪೆಟ್ಟಿಗೆಯಲ್ಲೇ ಉಳಿದವು. ಮಲ್ಲಪ್ಪ ಅಮರಗೋಳದ ಮಾರ್ಕೆಟ್ ಯಾರ್ಡಿನ ಹತ್ತಿರ ಬೀಜದ ಅಂಗಡಿ ಇಟ್ಟ. ಎರಡು ಸಾವಿರದ ಇಸವಿ ದಾಟಿ ಕೆಲವು ಮಳೆಗಾಲ ಕಳೆದ ಮೇಲೆ, ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಿದ್ದ ಕಾಕಾಗೆ ಲಕ್ವಾ ಹೊಡೆಯಿತು. ಬಲಗೈ ಸೋತಿತು. ಕಾಲು ಸ್ವಲ್ಪ ದಿನಕ್ಕೆ ಹಿಂತಿರುಗಿ ಬಂತು. ಮಾತು ಬರಲಿಲ್ಲ.

ಅವರಿಗೆ ಎಲ್ಲ ತಿಳಿಯುತ್ತಿತ್ತು, ಅದೇ ನೋಡಲಾಗದ ಸಂಗತಿ. ಕಣ್ಣು ಮೊದಲಿನಷ್ಟೇ ಚುರುಕಾಗಿ ಮಾತಾಡುವವರ ಬಾಯಿಯನ್ನು ಹಿಂಬಾಲಿಸುತ್ತಿತ್ತು. ತಮ್ಮ ಸರದಿ ಬಂದಾಗ ತುಟಿ ಅದುರಿ, ಒಂದು ‘ಆಂ’ ಹೊರಬಿದ್ದು, ಅಲ್ಲಿಗೆ ನಿಲ್ಲುತ್ತಿತ್ತು. ಮಾತಾಡಲು ಬಾರದವರಿಗೆ ಕೇಳಲೂ ಬಾರದೆಂದು ಲೋಕದಲ್ಲೊಂದು ನಂಬಿಕೆಯಿದೆ. ನೋಡಲು ಬಂದವರೆಲ್ಲ ಕಿವಿಯ ಹತ್ತಿರ ಬಾಗಿ ಕೂಗುತ್ತಿದ್ದರು. ಕೆಲವು ದಿನ ಸಹಿಸಿದ ಕಾಕಾ ಆಮೇಲೆ ಯಾರು ಬಂದರೂ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಮಲಗತೊಡಗಿದರು. ಊಟ ಕಡಿಮೆಯಾಯಿತು.

ಡಾಕ್ಟರು ಕಾಕುಗೆ ಹೇಳಿದ್ದು ಇಷ್ಟು: “ಬಾಯಿಗೆ ರೂಢಿ ಆಗಿದ್ದು ಹಳೇದೇನರೆ ಅನಸ್ರಿ. ಹಾಡು, ಶ್ಲೋಕ, ಮಗ್ಗಿ, ಏನರೆ. ಒಂದು ಎಳಿ ಸಿಕ್ರ ಹಿಡದು ಜಗ್ಗಬಹುದು. ಆದ್ರ ಅವರು ತಾವಾಗಿ, ಯಾರೂ ಎತ್ತಿಕೊಡದ, ಒಂದು ಮಾತು ಸುರು ಮಾಡಬೇಕು. ಅದಾದ್ರ ಗೆದ್ದಂಗ.”

ಕಾಕು ಎಳೆ ಹುಡುಕಲು ಹೊರಟರು. ಭಜನೆಯ ಮಂಡಳಿಯವರನ್ನು ಕರೆಸಿ ಪಡಸಾಲೆಯಲ್ಲಿ ಹಾಡಿಸಿದರು. ಆಗ ಹೊರಬಿದ್ದ ಸತ್ಯವೆಂದರೆ, ಕಾಕಾ ಇಷ್ಟು ವರ್ಷ ಗುರುವಾರ ತಪ್ಪದೆ ಹೋಗಿ ತಾಳ ಹಾಕಿದ್ದರೇ ಹೊರತು ಒಮ್ಮೆಯೂ ಬಾಯಿ ತೆರೆದು ಹಾಡಿದವರಲ್ಲ. ಶ್ಲೋಕಗಳಲ್ಲಿ ಅವರಿಗೆ ಬರುತ್ತಿದ್ದುದು ಸಂಕಲ್ಪದ ಮೊದಲ ಸಾಲು, ಅದೂ ಅರ್ಧ. ಮಗ್ಗಿ ಕೇಳಿದರೆ, ಆರೋಗ್ಯವಾಗಿದ್ದಾಗಲೂ ಹನ್ನೆರಡರ ಗಡಿ ದಾಟದವರು ಈಗ ದಾಟುವರೇ? ಕಾಕು ಸೆರಗಿನಿಂದ ಮುಖ ಒರೆಸಿಕೊಂಡು ನನಗಂದರು, “ತಮ್ಮಾ, ಊರೆಲ್ಲಾ ಮಾತಾಡ್ಸಿಕೋತ ತಿರಗಿದವರು ನನಗ ಒಂದು ಶಬ್ದಾನೂ ಉಳಿಸಿಲ್ಲ ನೋಡು.”

ಮಲ್ಲಪ್ಪ ಸುದ್ದಿ ಕೇಳಿ ನನ್ನ ಜೊತೆ ಬಂದದ್ದು ಆ ಬಳಿಕ. ಕೈಯಲ್ಲಿ ಮೋಸಂಬಿಯ ಚೀಲ ಹಿಡಿದು, ಮಂಚದ ಮುಂದೆ ನಿಂತು, ಕೊನೆಗೆ ಗೋಡೆಗುಂಟ ತನ್ನ ಹಳೆಯ ಜಾಗದಲ್ಲಿ ಕೂತುಕೊಂಡ. ಕಾಕಾ ಗೋಡೆಯ ಕಡೆ ಮುಖ ಮಾಡಿದ್ದರು. ಆ ಪಡಸಾಲೆಯಲ್ಲಿ ಮಾಸ್ತರರ ಮುಂದೆ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವುದು ಅಗೌರವವೆಂದು ಅವನಿಗೆ ಹಿಂದಿನಿಂದಲೂ ಒಂದು ಭಾವನೆ. ಮೋಸಂಬಿಯ ಚೀಲವನ್ನು ಪಕ್ಕಕ್ಕಿಟ್ಟು, ಮನಸ್ಸಿನಲ್ಲಿದ್ದುದನ್ನೇ ಅಂದ: “ಸರ್, ಐ ಎಂಜಾಯ್ ಟು ಸಿಟ್ ಹಿಯರ್.”

ಗೋಡೆಯ ಕಡೆಯಿಂದ, ಒಡಕು ದನಿಯಲ್ಲಿ, ಆದರೆ ಸ್ಪಷ್ಟವಾಗಿ, ಕೇಳಿಸಿತು: “ಸಿಟ್ಟಿಂಗ್.”

ಅಡಿಗೆಮನೆಯಿಂದ ಕಾಕು ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. “ಯಾರಂದ್ರು ಅದು?”

“ಮಾಸ್ತರ್ರ ಅಂದ್ರಿ” ಎಂದ ಮಲ್ಲಪ್ಪ, ಎದ್ದು ನಿಂತು, ತಲೆ ತಗ್ಗಿಸಿ. “ನನ್ದ ತಪ್ಪಾತ್ರಿ ಕಾಕು.”

ಕಾಕು ಅವನನ್ನು ಕ್ಷಣ ಹೊತ್ತು ನೋಡಿದರು. ಆಮೇಲೆ ಹಿಟ್ಟಿನ ಕೈಯಿಂದಲೇ ಕೂತುಕೋ ಎಂದು ಸನ್ನೆ ಮಾಡಿ, “ಇನ್ನೊಂದ್ ಮಾಡಪಾ” ಅಂದರು.

ಬೇಕೆಂದಾಗ ತಪ್ಪು ಬರುವುದಿಲ್ಲ. ಬೆವರಿದ ಮಲ್ಲಪ್ಪ “ಐ ವಾಂಟ್ ಟು ಗೋ” ಎಂದ. ದುರದೃಷ್ಟಕ್ಕೆ ಅದು ಸರಿಯಾಗಿತ್ತು, ಗೋಡೆಯ ಕಡೆಯಿಂದ ಸದ್ದಿಲ್ಲ. ಜನ್ಮದಲ್ಲಿ ಮೊದಲ ಸಲ ತನ್ನ ಇಂಗ್ಲಿಷ್ ಸರಿಯಾದದ್ದಕ್ಕೆ ಅವನು ನೊಂದುಕೊಂಡ. ಕಾಕು ಚಹಾ ಕೊಟ್ಟು, ಅಂಗಡಿ ಹೇಗೆ ನಡೆದಿದೆ ಎಂದು ಕೇಳಿದರು. ಅವನು ಉತ್ಸಾಹದಲ್ಲಿ ತಪ್ಪಿನ ಚಿಂತೆಯನ್ನೇ ಮರೆತು ಮಾಸ್ತರರ ಕಡೆ ತಿರುಗಿ “ದಿಸ್ ಇಯರ್ ವಿ ಫಿನಿಶ್ ಟು ಸೆಲ್ ಆಲ್ ಕಾಟನ್ ಸೀಡ್ ಸರ್” ಎಂದಾಗ ಮತ್ತೆ ಬಂತು: “ಸೆಲ್ಲಿಂಗ್.” ಈ ಸಲ ಕಾಕಾ ಮುಖವನ್ನೂ ಇತ್ತ ತಿರುಗಿಸಿದ್ದರು. ನಮಗಿಂತ ಹೆಚ್ಚಿನ ಬೆರಗು ಆ ಮುಖದಲ್ಲಿತ್ತು.

ಸುದ್ದಿ ಹಳೆಯ ವಿದ್ಯಾರ್ಥಿಗಳಿಗೆಲ್ಲ ಮುಟ್ಟಿತು. ರೋಗಿಯನ್ನು ನೋಡಲು ಹೋಗುವಾಗ ಹಣ್ಣು ಒಯ್ಯುವುದು ನಮ್ಮ ಕಡೆಯ ಪದ್ಧತಿ. ಆ ವರ್ಷ ಮಾಳಮಡ್ಡಿಯ ಆ ಒಂದು ಮನೆಗೆ ಜನ ತಪ್ಪು ಒಯ್ದರು. ಬಾಗಿಲಲ್ಲೇ ಕಾಕು ಕೇಳುತ್ತಿದ್ದರು, “ಏನ್ ತಂದೀಪಾ?” ನಾನೂ ಒಯ್ದೆ. ಎಂಥ ತಪ್ಪು ಮಾಡಿದರೆ ಯೋಗ್ಯವಾದೀತೆಂದು ಹುಬ್ಬಳ್ಳಿಯಿಂದ ಬಸ್ಸಿನುದ್ದಕ್ಕೂ ಯೋಚಿಸಿ, ಒಂದನ್ನು ಚೆನ್ನಾಗಿ ತಿದ್ದಿ ತೀಡಿ, ಮಂಚದ ಮುಂದೆ ಅದನ್ನು ಅತ್ಯಂತ ಸಹಜವಾಗಿ ಉದುರಿಸಿದೆ. ಕಾಕಾ ನನ್ನನ್ನು ನೋಡಿದ ನೋಟವನ್ನು ಏನೆಂದು ಬಣ್ಣಿಸಲಿ? ಖೋಟಾ ನಾಣ್ಯವನ್ನು ಬೆರಳಲ್ಲಿ ಹಿಡಿದ ಅಕ್ಕಸಾಲಿಗನ ನೋಟ ಅದು. ಬಾಯಿ ತೆರೆಯಲಿಲ್ಲ. ಅವರಿಗೆ ಮಾತು ಹೋಗಿತ್ತು, ಕಿವಿ ಹೋಗಿರಲಿಲ್ಲ. ಬೇಕೆಂದು ಮಾಡಿದ ತಪ್ಪನ್ನು ಅವರು ಮುಟ್ಟುತ್ತಿರಲಿಲ್ಲ. ನಿಜವಾಗಿ ಎಡವಿದವನ ಕೈಯನ್ನಷ್ಟೇ ಹಿಡಿಯುತ್ತಿದ್ದರು. ಹೀಗಾಗಿ ನಾವೆಲ್ಲ ಪಾಸಾದವರು ನಿರುಪಯೋಗಿಗಳಾಗಿ, ಮಲ್ಲಪ್ಪನೊಬ್ಬನೇ ಅಕ್ಷಯಪಾತ್ರೆಯಾಗಿ ಉಳಿದ. ಮಾರ್ಕೆಟ್ಟಿಗೆ ಸೂಟಿಯಿದ್ದ ದಿನ ತಪ್ಪದೆ ಬಂದು ಕೂತು, ಮಳೆ ಬೆಳೆ ಮಕ್ಕಳ ಸಾಲೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿಹೋಗುತ್ತಿದ್ದ. ಕಾಕಾ ಹಿಂದೆಯೇ ಒಂದೊಂದು ಕಚ್ಚೆ ಸಿಗಿಸುತ್ತಿದ್ದರು. ಊಟವೂ ಸೇರತೊಡಗಿತು.

ಆದರೆ ಕಾಕುಗೆ ಇದರಲ್ಲೇನು ಬಂತು? ನಲವತ್ತು ವರ್ಷ ಕನ್ನಡದಲ್ಲಿ ಸಂಸಾರ ಮಾಡಿದ ಗಂಡ ಈಗ ಬೇರೆಯವರ ಇಂಗ್ಲಿಷಿಗೆ ಮಾತ್ರ ಬಾಯಿ ತೆರೆಯುತ್ತಿದ್ದರು. ತಪ್ಪು ಮಾಡೋಣವೆಂದರೆ ಕಾಕುಗೆ ಇಂಗ್ಲಿಷೇ ಬಾರದು. ಒಂದು ಮಧ್ಯಾಹ್ನ, ನಾನು ಎದುರಿಗೇ ಇದ್ದೆ, ಕಾಕು ಚಹಾದ ಬಟ್ಟಲು ಹಿಡಿದು ಮಂಚದ ಹತ್ತಿರ ಬಂದು ನಿಂತು, ಎಂದಿನ ದನಿಯಲ್ಲೇ ಕೇಳಿದರು: “ಏನ್ರಿ, ಚಹಾ ಉಣ್ತೀರೇನು?”

ಇದು ಖೋಟಾ ಎಂಬುದು ನನಗೇ ಗೊತ್ತಾಯಿತು. ಕಾಕಾಗೆ ಗೊತ್ತಾಗದೆ ಇದ್ದೀತೇ? ಅವರು ಹೆಂಡತಿಯ ಮುಖವನ್ನು ನೋಡಿದರು. ಬಟ್ಟಲನ್ನು ನೋಡಿದರು. ಸೋಲದೆ ಉಳಿದಿದ್ದ ಆ ಅರ್ಧ ತುಟಿಯಲ್ಲಿ ನಗು ಬಂತು. ಆಮೇಲೆ, ಬಾವಿಯಿಂದ ತುಂಬಿದ ಕೊಡ ಸೇದುವಷ್ಟು ಕಷ್ಟಪಟ್ಟು ಅಂದರು: “ಕುಡೀ... ತೀನಿ.”

ನಮ್ಮ ಖೋಟಾ ತಪ್ಪುಗಳನ್ನೆಲ್ಲ ತಳ್ಳಿಹಾಕಿದ ಮನುಷ್ಯ ಅದೊಂದನ್ನು ಸ್ವೀಕರಿಸಿದ್ದರು. ಅಂದಿನಿಂದ ಆ ಮನೆಯಲ್ಲಿ ಚಾದರವನ್ನು ಉಡುವುದು, ಚಪ್ಪಲಿಯನ್ನು ತೊಡುವುದು, ನಲ್ಲಿಯಲ್ಲಿ ನೀರು ಏಳುವುದು, ಎಲ್ಲ ಸುರುವಾಯಿತು. ಕಾಕಾ ಒಂದೊಂದನ್ನೇ ತಿದ್ದುತ್ತಿದ್ದರು: ಹೊದ್ಕೋತೀನಿ, ಮೆಟ್ಕೋತೀನಿ, ಬಂತು. ತಿದ್ದುವ ನೆಪದಲ್ಲಿ ಉತ್ತರವೂ ಬಂದುಬಿಡುತ್ತಿತ್ತು. ಅದನ್ನು ಕೇಳುತ್ತ ಕೂತ ನನಗೆ, ಹಳಗನ್ನಡ ನಡುಗನ್ನಡಗಳನ್ನೆಲ್ಲ ಓದಿದ್ದರೂ, ಭಾಷೆಯ ಮುಂದೆ ನಿಜವಾಗಿ ಕೈಕಟ್ಟಿ ನಿಂತದ್ದು ಆ ಪಡಸಾಲೆಯಲ್ಲೇ ಅನ್ನಿಸಿತು. ಹೆಸರು, ಊರು, ವಾರ, ತನ್ನ ಬೇಡಿಕೆ, ಯಾವುದನ್ನೂ ಬಾಯಿಗೆ ತಂದುಕೊಡಲಾರದ ತಲೆಯೊಳಗೆ ಯಾವ ಮೂಲೆಯಲ್ಲಿ ಈ ಜೋಡಿಗಳು ಕೈ ಹಿಡಿದುಕೊಂಡು ಕೂತಿದ್ದವು? ಒಂದನ್ನು ತಪ್ಪು ಸಂಗಾತಿಯೊಡನೆ ಕಳಿಸಿದ ಕೂಡಲೇ ಇನ್ನೊಂದು ಅಷ್ಟು ಆಳದಿಂದ ಎದ್ದು ಬರುತ್ತದೆಂದರೆ, ಅವುಗಳ ನಡುವಿನ ಕಟ್ಟು ಎಂಥದ್ದು? ಡಾಕ್ಟರರನ್ನು ಕೇಳಿದೆ. ಅವರು ಒಂದಿಷ್ಟು ಹೇಳಿ, ಕೊನೆಗೆ, “ಖರೇ ಹೇಳಬೇಕಂದ್ರ ನಮಗೂ ಪೂರಾ ತಿಳದಿಲ್ರಿ” ಎಂದರು. ನನಗೆ ಆ ಉತ್ತರವೇ ಹೆಚ್ಚು ಹಿಡಿಸಿತು.

ಒಂದು ಕೊರತೆ ಮಾತ್ರ ಉಳಿದೇ ಇತ್ತು. ಕಾಕಾ ಉತ್ತರಿಸುತ್ತಿದ್ದರು, ತಿದ್ದುತ್ತಿದ್ದರು. ತಾವಾಗಿ ಒಂದು ಮಾತನ್ನೂ ಎತ್ತುತ್ತಿರಲಿಲ್ಲ. ಕಾಕು ದಣಿದಿದ್ದರು. “ನಾ ತಪ್ಪಿದ್ರ ಇವರು ಮಾತಾಡ್ತಾರ. ನಾಳೆ ನನಗ ತಪ್ಪೂದ ರೂಢಿ ಆಗಿ, ಇವರಿಗೆ ತಿದ್ದೂದ ರೂಢಿ ಆಗಿ, ಹಿಂಗ ಕುಂತಬಿಡೂದೇನು?” ಎಂದು ಒಮ್ಮೆ ಹಿತ್ತಲಲ್ಲಿ ನಿಂತು ನನ್ನನ್ನು ಕೇಳಿದರು. ಹೀಗೆ ಚಳಿಗಾಲ ಕಳೆಯಿತು, ಯುಗಾದಿ ಬಂದು ಹೋಯಿತು.

ಆಮೇಲೆ ಒಂದು ದಿನ ಕಾಕಾರನ್ನು ಹುಬ್ಬಳ್ಳಿಯ ದೊಡ್ಡ ಡಾಕ್ಟರರಿಗೆ ತೋರಿಸಲು ಹೊರಟೆವು. ಬಸ್ಸಿನಲ್ಲಿ ಕಾಕಾ ಕಿಟಕಿಯ ಹತ್ತಿರ, ಕಾಕು ಅವರ ಪಕ್ಕಕ್ಕೆ, ನಾನು ಹಿಂದಿನ ಸೀಟಿನಲ್ಲಿ ಕೂತಿದ್ದೆವು. ನನ್ನ ಹತ್ತಿರ ತಿಂಗಳ ಪಾಸಿತ್ತು. ಗದ್ದಲ ಬಹಳ. ಕಂಡಕ್ಟರ ಹಿಂದಿನಿಂದ ಟಿಕೀಟು ಹರಿಯುತ್ತ ಬಂದು ನಮ್ಮ ಹತ್ತಿರ ನಿಂತು, ಬೇರೆ ಯಾರ ಜೊತೆಗೋ ಚಿಲ್ಲರೆಗಾಗಿ ವಾದಿಸುತ್ತಿದ್ದ. ಕಾಕು ಕೈಚೀಲದಲ್ಲಿ ಪರ್ಸು ಹುಡುಕುತ್ತಿದ್ದರು. ಆಗ ಕಾಕಾ ಎಡಗೈ ಚಾಚಿ ಕಂಡಕ್ಟರನ ತೋಳನ್ನು ಮೆಲ್ಲಗೆ ತಟ್ಟಿ, ಅವನು ತಿರುಗಿದ ಮೇಲೆ, ಹೇಳಿದರು:

“ಹುಬ್ಬಳ್ಳಿ. ಇಬ್ರು.”

ಕಾಕುವಿನ ಕೈ ಚೀಲದೊಳಗೇ ನಿಂತಿತು. ಕಂಡಕ್ಟರ ಎರಡು ಟಿಕೀಟು ಹರಿದು ಕಾಕಾರ ಕೈಗೆ ಕೊಟ್ಟು, “ರೊಕ್ಕ ತಗದಿಡ್ರಿ, ಬಂದೆ. ಸ್ವಲ್ಪ ಒಳಗ ಸರೀರಿ, ಒಳಗ ಸರೀರಿ” ಎನ್ನುತ್ತ ಮುಂದೆ ಹೋದ.